ಅರ್ಧ ಗೊತ್ತಿದ್ದವರಿಗಾಗಿ ಅಳೋದು

ಅಮೆರಿಕದ ಹಾಡುಗಾರ ಸುಫ್ಯಾನ್ ಸ್ಟೀವನ್ಸ್‌ನ 2015ರ 'ಕ್ಯಾರಿ ಆಂಡ್ ಲೋವೆಲ್' ಆಲ್ಬಮ್ಮಲ್ಲಿ ನನ್ನನ್ನ ವರ್ಷಗಟ್ಟಲೆ ಕಾಡಿದ್ದು ಅದರ ಸಾಲುಗಳಿಗಿಂತ ಹೆಚ್ಚಾಗಿ ಹಾಡುಗಳ ಬಾಲ. ಮೊದಲನೇ ಹಾಡನ್ನೇ ತಗೊಳ್ಳಿ. ಗಿಟಾರ್ ತಂತಿಗಳನ್ನ ಒಂದೊಂದಾಗಿ ಮೀಟ್ಕೊಂಡು, ಪಿಸುದನಿಗಿಂತ ಚೂರೇ ಚೂರು ಮೇಲಿರೋ ಗಂಟಲಲ್ಲಿ ಹಾಡ್ತಾ ಇರೋನು ಒಂದು ಕಡೆ ಪದಗಳನ್ನ ಕೈಬಿಟ್ಟುಬಿಡ್ತಾನೆ, ಮೀಟೋದೂ ನಿಲ್ಲುತ್ತೆ, ಹಾಡು ಮುಗೀತು ಅಂತ ನಾವು ಅಂದ್ಕೊಳ್ಳೋ ಹೊತ್ತಿಗೆ ಎಲ್ಲಿಂದಲೋ ಪದವೇ ಇಲ್ಲದ ದನಿ, ಎಳೆದೆಳೆದು ಬಿಡೋ ಒಂದು ಗಿಟಾರಿನ ನಾದ, ಎರಡೂ ಸೇರ್ಕೊಂಡು ಇನ್ನೂ ಸ್ವಲ್ಪ ಹೊತ್ತು ಹಾಗೇ ತೇಲ್ತಾ ಇರುತ್ತೆ. ಒಂದು ಹಾಡಲ್ಲಿ ಮಾತ್ರ ಹೀಗಾಗಿದ್ರೆ ಬಿಡಬಹುದಿತ್ತು. ಆದ್ರೆ ಆಲ್ಬಮ್ ಉದ್ದಕ್ಕೂ ಮತ್ತೆ ಮತ್ತೆ ಹೀಗೇ, ಕೊನೆ ಹಾಡು ಅಂತೂ ಅರ್ಧಕ್ಕರ್ಧ ಮಂಜಲ್ಲಿ ಕರಗಿಹೋಗುತ್ತೆ. ಲೈವ್ ಶೋಗಳಲ್ಲಿ ಅದೇ ಕೊನೆ ಹಾಡಿನ ಬಾಲವನ್ನ ಎಳೆದೂ ಎಳೆದೂ ಇಡೀ ಹಾಲ್ ನಡುಗೋ ಅಷ್ಟು ದೊಡ್ಡ ಶಬ್ದದ ಗೋಡೆ ಮಾಡ್ತಿದ್ದ, 2017ರಲ್ಲಿ ಬಂದ ಲೈವ್ ರೆಕಾರ್ಡಲ್ಲಿ ಅದು ಸಿಗುತ್ತೆ.

ಇಷ್ಟು ಚೊಕ್ಕವಾಗಿ ಬರೆಯೋ ಮನುಷ್ಯ, ಒಂದು ಪದ ಹೆಚ್ಚಿಲ್ಲ ಒಂದು ಪದ ಕಮ್ಮಿ ಇಲ್ಲ ಅನ್ನೋ ಹಾಗೆ ಸಾಲು ಕಟ್ಟೋನು, ಹಾಡಿನ ಕೊನೆಗೆ ಬಂದಾಗ ಯಾಕೆ ಬಾಯಿ ಮುಚ್ಕೊಂಡು ಬರೀ ಗುನುಗ್ತಾನೆ? ಅಲಂಕಾರಕ್ಕೆ ಮಾಡಿದ್ದು ಅಂತ ನಂಗೆ ಯಾವತ್ತೂ ಅನ್ಸಿಲ್ಲ. ಈ ಆಲ್ಬಮ್ಮಲ್ಲಿ ಅಲಂಕಾರ ಅನ್ನೋದೇ ಇಲ್ಲವಲ್ಲ. ಡ್ರಮ್ಸ್ ಇಲ್ಲ. ಒಂದು ಗಿಟಾರು, ಅಲ್ಲೊಂದು ಇಲ್ಲೊಂದು ಬ್ಯಾಂಜೋ, ಪಿಯಾನೋ, ಹಿಂದೆಲ್ಲೋ ಕೀಬೋರ್ಡಿನ ಒಂದು ಪದರ. ಕೆಲವು ತುಣುಕುಗಳನ್ನ ಆರೆಗಾನ್ ರಾಜ್ಯದ ಕ್ಲಾಮತ್ ಫಾಲ್ಸ್ ಅನ್ನೋ ಊರಿನ ಹೋಟೆಲ್ ರೂಮಲ್ಲಿ ಐಫೋನಿಗೇ ಹಾಡಿ ರೆಕಾರ್ಡ್ ಮಾಡಿದಾನೆ. ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರೆ ಹಿಂದೆ ಏರ್ ಕಂಡಿಷನರ್ ಗುಂಯ್‌ಗುಡೋದು ಕೂಡ ಕೇಳುತ್ತೆ, ಅದನ್ನ ಅಳಿಸೋಕೆ ಹೋಗಿಲ್ಲ. ಅಂಥಾ ರೆಕಾರ್ಡಲ್ಲಿ ಈ ಉದ್ದುದ್ದ ಬಾಲಗಳಿಗೆ ಏನೋ ಒಂದು ಕೆಲಸ ಇರಲೇಬೇಕು ಅಂತ ನನ್ನ ಗುಮಾನಿ.

ಯಾವುದರ ಮೇಲೆ ಬೇಕಾದ್ರೂ ಹಾಡು ಕಟ್ಟೋನು

ಸುಫ್ಯಾನ್ ಎಷ್ಟು ಮಾಡಿದಾನೆ ಅನ್ನೋದು ಲೆಕ್ಕ ಇಡೋರಿಗೇ ಸುಸ್ತಾಗೋ ವಿಷಯ. 1975ರಲ್ಲಿ ಡೆಟ್ರಾಯಿಟಲ್ಲಿ ಹುಟ್ಟಿದ್ದು, ಬೆಳೆದಿದ್ದು ಮಿಷಿಗನ್ನಿನ ಉತ್ತರದಲ್ಲಿ. ಚೀನೀ ರಾಶಿಚಕ್ರದ ಪ್ರಾಣಿಗಳ ಮೇಲೆ ಪೂರ್ತಿ ಎಲೆಕ್ಟ್ರಾನಿಕ್ ಆಲ್ಬಮ್ಮು 2001ರಲ್ಲಿ, ಹುಟ್ಟಿದ ರಾಜ್ಯ ಮಿಷಿಗನ್ ಮೇಲೆ 2003ರಲ್ಲಿ ಒಂದು, 2005ರಲ್ಲಿ ಇಲಿನಾಯ್ ಮೇಲೆ ಇನ್ನೊಂದು, ಅದರಲ್ಲಿ ಉಳಿದಿದ್ದನ್ನೆಲ್ಲ ಸೇರಿಸಿ ಮುಂದಿನ ವರ್ಷವೇ ಮತ್ತೊಂದು. ಬ್ರೂಕ್ಲಿನ್ನಿನ ಒಂದು ಹೈವೇ ಮೇಲೆ ಆರ್ಕೆಸ್ಟ್ರಾ ಕೃತಿ. ಕ್ರಿಸ್‌ಮಸ್ ಹಾಡುಗಳೇ 2006ರದ್ದು, 2012ರದ್ದು ಸೇರಿ 100 ಆಗುತ್ತೆ. ಇದೆಲ್ಲ ಬಂದಿದ್ದು ದೊಡ್ಡ ಕಂಪನಿಯಿಂದಲ್ಲ, ಆಸ್ಥಮ್ಯಾಟಿಕ್ ಕಿಟ್ಟಿ ಅನ್ನೋ ಸಣ್ಣ ಲೇಬಲ್‌ನಿಂದ, 1999ರಲ್ಲಿ ಅವನೇ ತನ್ನ ಮಲತಂದೆ ಲೋವೆಲ್ ಬ್ರಾಮ್ಸ್ ಜೊತೆ ಶುರುಮಾಡಿದ್ದು. ಆ ಲೋವೆಲ್ಲೇ ಈ ಆಲ್ಬಮ್ಮಿನ ಹೆಸರಲ್ಲಿರೋ ಲೋವೆಲ್.

ಇಲಿನಾಯ್ ಆಲ್ಬಮ್ಮನ್ನ ಕೇಳಿದೋರಿಗೆ ಗೊತ್ತಿರುತ್ತೆ, ಅದು ಹಾಡಿನ ರೂಪದಲ್ಲಿರೋ ಒಂದು ಲೈಬ್ರರಿ. ಷಿಕಾಗೋದಲ್ಲಿ 1893ರಲ್ಲಿ ನಡೆದ ವಿಶ್ವ ಮೇಳ, ಹಾರುವ ತಟ್ಟೆ ಕಂಡ ಊರು, ಕವಿ ಕಾರ್ಲ್ ಸ್ಯಾಂಡ್‌ಬರ್ಗ್, ಸರಣಿ ಕೊಲೆಗಾರ ಒಬ್ಬ, ಸೀಯರ್ಸ್ ಟವರ್, ಎಲ್ಲಾ ಇದೆ. ತುತ್ತೂರಿ, ಕೋರಸ್ಸು, ಪಿಟೀಲು, ಒಂದೊಂದು ಹಾಡಿನ ಶೀರ್ಷಿಕೆಯೇ ಒಂದು ಪ್ಯಾರಾ. ಓದಿ, ನೋಟ್ಸ್ ಮಾಡ್ಕೊಂಡು, ಆ ಮಾಹಿತಿಯೊಳಗೆ ತನ್ನ ದುಃಖವನ್ನ ಅಡಗಿಸಿಟ್ಟು ಹಾಡೋದು ಅವನಿಗೆ ಕರಗತ ಆಗಿತ್ತು. 50 ರಾಜ್ಯಗಳ ಮೇಲೂ ಒಂದೊಂದು ಆಲ್ಬಮ್ ಮಾಡ್ತೀನಿ ಅಂತ ಹೇಳ್ಕೊಂಡಿದ್ದ, ಅದು ಪ್ರಚಾರಕ್ಕೆ ಬಿಟ್ಟ ಮಾತು ಅಂತ ಆಮೇಲೆ ತಾನೇ ಒಪ್ಪಿಕೊಂಡ, ಆದ್ರೂ ಆ ಇಲಿನಾಯ್ ಕೇಳಿದೋರು ಯಾರೂ ಇವನ ಕೈಲಾಗಲ್ಲ ಅಂತ ಹೇಳೋ ಹಾಗಿರಲಿಲ್ಲ. ಯಾವ ರಾಜ್ಯ ಕೊಟ್ರೂ ಲೈಬ್ರರಿಗೆ ಹೋಗಿ ಕೂತ್ಕೊಂಡು ಹಾಡು ತರ್ತಾನೆ ಅನ್ನೋ ನಂಬಿಕೆ ಅವನೇ ಹುಟ್ಟಿಸಿದ್ದು.

ಆಮೇಲೆ 2012ರ ಡಿಸೆಂಬರಲ್ಲಿ ಅಮ್ಮ ಕ್ಯಾರಿ ಹೊಟ್ಟೆಯ ಕ್ಯಾನ್ಸರಿಂದ ತೀರಿಕೊಳ್ತಾಳೆ. ಅವಳ ಬಗ್ಗೆ ಯಾವ ಲೈಬ್ರರಿಯಲ್ಲೂ ಪುಸ್ತಕ ಇಲ್ಲ.

ನಂಗೆ ಇಡೀ ಆಲ್ಬಮ್ ಅರ್ಥ ಆಗೋದು ಇಲ್ಲಿಂದ. ಅವನಿಗೆ ಒಂದು ವರ್ಷ ತುಂಬೋ ಹೊತ್ತಿಗೆ ಅವಳು ಮನೆ ಬಿಟ್ಟು ಹೋಗಿದ್ದಳು. ಮಾನಸಿಕ ಕಾಯಿಲೆ, ಕುಡಿತ, ಔಷಧಿ, ಇದರ ನಡುವೆ ಎಲ್ಲೆಲ್ಲೋ ಅಲೆದ ಜೀವ. ನಡುವೆ ಒಂದೈದು ವರ್ಷ, 80ರ ದಶಕದ ಶುರುವಲ್ಲಿ, ಲೋವೆಲ್‌ನ ಮದುವೆಯಾಗಿ ಆರೆಗಾನ್‌ನ ಯೂಜೀನ್ ಅನ್ನೋ ಊರಲ್ಲಿದ್ದಳು, ಆಗ ಮಕ್ಕಳು ಬೇಸಿಗೆ ರಜೆಗೆ ಅಲ್ಲಿಗೆ ಹೋಗ್ತಿದ್ರು. ಅವನಿಗೆ ಐದರಿಂದ ಎಂಟು ವರ್ಷದ ಒಳಗಿನ ಮೂರು ಬೇಸಿಗೆ. ಮಗ ಅಮ್ಮನ ಜೊತೆ ಅಂತ ಕಳೆದಿದ್ದು ಹೆಚ್ಚುಕಮ್ಮಿ ಅಷ್ಟೇ. ಊರುಗಟ್ಟಲೆ ಚರಿತ್ರೆಯನ್ನ ಹಾಡಿಗೆ ಇಳಿಸಿದೋನ ಹತ್ರ ಹೆತ್ತ ತಾಯಿಯ ಬಗ್ಗೆ ಇದ್ದ ಬಂಡವಾಳ ಮೂರು ಬೇಸಿಗೆಯ ಚೂರುಪಾರು.

ಮೂರೋ ನಾಲ್ಕೋ

ಆ ಚೂರುಪಾರುಗಳು ಎಂಥವು ನೋಡಿ. ಮೂರು ವರ್ಷದವನಿದ್ದಾಗಲೋ, ನಾಲ್ಕೋ, ಅಮ್ಮ ನಮ್ಮನ್ನ ಆ ವಿಡಿಯೋ ಅಂಗಡಿಯಲ್ಲಿ ಬಿಟ್ಟು ಹೋದ್ಲು ಅಂತ ಒಂದು ಹಾಡಲ್ಲಿ ಬರುತ್ತೆ. ಆ 'ಮೂರೋ ನಾಲ್ಕೋ' ಅನ್ನೋದನ್ನ ಅವನು ಸರಿಮಾಡಿಲ್ಲ. ಅಣ್ಣನ್ನೋ ಅಕ್ಕನ್ನೋ ಕೇಳಿ ವಯಸ್ಸು ಪಕ್ಕಾ ಮಾಡ್ಕೋಬಹುದಿತ್ತು, ಇಲಿನಾಯ್ ಬರೆದ ಸುಫ್ಯಾನ್ ಆಗಿದ್ರೆ ಮಾಡ್ಕೊಂಡೂ ಇರ್ತಿದ್ದ. ಯೂಜೀನ್ ಅನ್ನೋ ಹಾಡಲ್ಲಿ ನಿಂಬೆ ರುಚಿಯ ಮೊಸರಿದೆ, ಕೈಜಾರಿ ನೆಲಕ್ಕೆ ಬಿದ್ದ ಆಷ್‌ಟ್ರೇ ಇದೆ, ಅಮ್ಮನ ಅಂಗಿ ಹಿಡಿದು ಎಳೆದಿದ್ದಿದೆ. ಈಜು ಕಲಿಸೋ ಮೇಷ್ಟ್ರಿದಾನೆ, ಈ ಹುಡುಗನ ಹೆಸರು ಅವನ ಬಾಯಲ್ಲಿ ಹೊರಳಲ್ಲ, ಅದಕ್ಕೆ ಸುಬಾರು ಅಂತ ಕಾರಿನ ಹೆಸರಿಟ್ಟು ಕರೀತಾನೆ. ಅಮ್ಮನ ಮುಖ ಹೇಗಿತ್ತು, ಅವಳು ಏನು ಹೇಳಿದ್ಲು, ಇದ್ಯಾವುದೂ ಅಲ್ಲಿಲ್ಲ. ಒಂದು ಮಗುವಿನ ಕಣ್ಣಿಗೆ, ಕೈಗೆ, ನಾಲಿಗೆಗೆ ನಿಲುಕಿದ್ದು ಎಷ್ಟೋ ಅಷ್ಟೇ ಇದೆ. ಅಮ್ಮನ ಹತ್ರ ಇರಬೇಕಿತ್ತು ಅನ್ನೋ ಆಸೆ ಮಾತ್ರ ಬಾಯಿಬಿಟ್ಟು ಹೇಳ್ತಾನೆ, ಅದೂ ಒಂದೇ ಸಾಲಲ್ಲಿ, ಆಷ್‌ಟ್ರೇ ಬಿದ್ದಿದ್ದಾದ ತಕ್ಷಣ.

ನೆನಪು ಸಾಲದೇ ಹೋದ ಕಡೆ ಅವನು ಊರುಗಳನ್ನ ತಂದು ತುಂಬ್ತಾನೆ. ಸ್ಪೆನ್ಸರ್ಸ್ ಬ್ಯೂಟ್ ಅನ್ನೋ ಗುಡ್ಡ, ಕಾಟೇಜ್ ಗ್ರೋವ್, ಸಮುದ್ರದಂಡೆಯ ಕಡಲಸಿಂಹಗಳ ಗುಹೆ, ಎಲ್ಲಾ ಆರೆಗಾನಿನವೇ. ಮೊದಲ ಹಾಡಿನ ಹೆಸರು ಕೂಡ ಆರೆಗಾನಿನದೇ ಒಂದು ಕಾಯ್ದೆಯ ಹೆಸರು, ಗುಣವಾಗದ ಕಾಯಿಲೆಯವರು ಡಾಕ್ಟರ ನೆರವಿಂದ ಘನತೆಯಿಂದ ಸಾಯೋಕೆ ಅನುಮತಿ ಕೊಡೋ ಕಾಯ್ದೆ, 1994ರಲ್ಲಿ ಜನ ಓಟು ಹಾಕಿ ಪಾಸು ಮಾಡಿದ್ದು, ಜಾರಿಗೆ ಬಂದಿದ್ದು 1997ರಲ್ಲಿ, ಅಮೆರಿಕದಲ್ಲಿ ಅಂಥಾ ಕಾನೂನು ತಂದ ಮೊದಲ ರಾಜ್ಯ ಅದು. ಇನ್ನೊಂದು ಹಾಡಲ್ಲಿ ಟಿಲ್ಲಮೂಕ್ ಕಾಡ್ಗಿಚ್ಚು ಬರುತ್ತೆ. 1933ರಲ್ಲಿ ಆರೆಗಾನಿನ ಕರಾವಳಿ ಬೆಟ್ಟಗಳಲ್ಲಿ ಹತ್ತಿದ ಬೆಂಕಿ, ಆಮೇಲೆ 1939, 1945, 1951, ಸರಿಯಾಗಿ ಆರಾರು ವರ್ಷಕ್ಕೊಂದು ಸಲ ಅದೇ ಸುಟ್ಟ ಕಾಡು ಮತ್ತೆ ಮತ್ತೆ ಸುಟ್ಟಿತ್ತು, ಒಟ್ಟು ಮೂರೂವರೆ ಲಕ್ಷ ಎಕರೆ. ಹಾಡಲ್ಲಿ ಈ ವಿವರ ಯಾವುದೂ ಇಲ್ಲ, ಒಂದು ಹೆಸರು ಬಂದು ಹೋಗುತ್ತೆ ಅಷ್ಟೇ. ಆದ್ರೆ ಆ ಕಾಡಿನ ಕಥೆ ಗೊತ್ತಾದ ಮೇಲೆ ಆ ಹೆಸರು ಬಂದಾಗಲೆಲ್ಲ ನಂಗೆ ಒಂದು ಕ್ಷಣ ಉಸಿರು ಹಿಡಿದ ಹಾಗಾಗುತ್ತೆ. ಸುಟ್ಟಿದ್ದೇ ಮತ್ತೆ ಸುಡೋದು ಅಂದ್ರೇನು ಅಂತ ಬಿಟ್ಟು ಹೋದ ತಾಯಿ ಮತ್ತೊಂದು ಸಲ, ಪೂರ್ತಿಯಾಗಿ, ಬಿಟ್ಟು ಹೋದಾಗ ಗೊತ್ತಾಗುತ್ತೆ.

ಒಂದು ರಾಜ್ಯದ ಬಗ್ಗೆ ಆಲ್ಬಮ್ ಬರೆಯೋದು ಅವನ ಹಳೇ ಚಾಳಿ ತಾನೇ, ಹಾಗೆ ನೋಡಿದ್ರೆ ಇದು ಅವನ ಆರೆಗಾನ್ ಆಲ್ಬಮ್ಮು. ಒಂದೇ ವ್ಯತ್ಯಾಸ, ಆಗ ಊರುಗಳ ಹಿಂದೆ ತಾನು ಅಡಗಿ ಕೂರ್ತಿದ್ದ, ಈಗ ಊರುಗಳ ಹಿಂದೆ ಅಮ್ಮ ಎಲ್ಲಾದ್ರೂ ಇದಾಳಾ ಅಂತ ಹುಡುಕ್ತಿದಾನೆ.

ನನ್ನ ಮಾವ

ಇದನ್ನ ಇಷ್ಟು ಹಚ್ಚಿಕೊಂಡು ಕೇಳೋದಕ್ಕೆ ನಂಗೊಂದು ಕಾರಣ ಇದೆ. ನಾನು ಚಿಕ್ಕವನಿದ್ದಾಗ ನನ್ನ ಸೋದರಮಾವ ಒಬ್ಬರು ನಮ್ಮನೆಯಲ್ಲೇ ಇದ್ರು. ಆಮೇಲೆ ಯಾವುದೋ ಮನಸ್ತಾಪ, ಚಿಕ್ಕವರಿಗೆ ಯಾರೂ ಅದನ್ನೆಲ್ಲ ಬಿಡಿಸಿ ಹೇಳಲ್ಲವಲ್ಲ, ಒಂದು ದಿನ ಬ್ಯಾಗ್ ತಗೊಂಡು ಹೋದ್ರು, ಮತ್ತೆ ಬರಲಿಲ್ಲ. ಮನೆಯಲ್ಲಿ ಅವರ ಹೆಸರು ಎತ್ತೋದು ನಿಂತೇಹೋಯ್ತು. ನಾನು ದೊಡ್ಡವನಾಗಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದ್ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು, ಹೋಗ್ಬಿಟ್ರಂತೆ ಅಂತ. ನಾನು ಆಫೀಸಲ್ಲಿದ್ದೆ. ಎದ್ದು ಹೋಗಿ ಮುಖ ತೊಳ್ಕೊಂಡು ಬಂದೆ, ಅಳು ಬಂದಿತ್ತು ಅಂತಲ್ಲ, ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಪಕ್ಕದವನು ಏನಾಯ್ತು ಅಂದ, ಮಾವ ಹೋದ್ರು ಅಂದೆ. ಅಯ್ಯೋ, ತುಂಬಾ ಕ್ಲೋಸ್ ಇದ್ರಾ ಅಂತ ಕೇಳಿದ. ಒಳ್ಳೆ ಮನಸ್ಸಿಂದಲೇ ಕೇಳಿದ್ದು, ಆದ್ರೆ ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಹೌದು ಅಂದ್ರೆ ಸುಳ್ಳು, ಎಷ್ಟು ವರ್ಷದಿಂದ ಅವರ ಮುಖ ನೋಡಿಲ್ಲ. ಇಲ್ಲ ಅಂದ್ರೂ ಸುಳ್ಳು, ಯಾಕಂದ್ರೆ ನಂಗೆ ಸೈಕಲ್ ಕಲಿಸಿದ್ದು ಅವರು, ಸೀಟಿನ ಹಿಂದೆ ಕೈ ಹಿಡ್ಕೊಂಡು ಓಡ್ತಾ ಇದ್ದವರು ಯಾವಾಗಲೋ ಕೈ ಬಿಟ್ಟು, ಬಿಟ್ಟಿದ್ದು ನಂಗೆ ಗೊತ್ತಾಗಬಾರದು ಅಂತ ಅದೇ ಸಪ್ಪಳ ಮಾಡ್ಕೊಂಡು ಹಿಂದೆ ಓಡಿ ಬಂದವರು.

ಆ ರಾತ್ರಿ ಅವರ ಬಗ್ಗೆ ನಂಗೆ ಏನೇನು ಗೊತ್ತು ಅಂತ ನೆನಪು ಮಾಡ್ಕೊಳ್ಳೋಕೆ ಕೂತೆ. ಸೈಕಲ್ಲು. ಅಂಗಿ ಕೈ ಮಡಿಸೋ ರೀತಿ. ಸ್ನಾನದ ಮನೆಯಲ್ಲಿ ಶಿಳ್ಳೆ ಹೊಡೀತಿದ್ದ ಒಂದು ಟ್ಯೂನು, ಅದೂ ಪೂರ್ತಿ ಅಲ್ಲ, ಮೊದಲಿನ ಒಂದು ತುಣುಕು. ಬೇಗ ಮುಗಿದುಹೋಯ್ತು ಪಟ್ಟಿ. ನಂಗೆ ಹೆದರಿಕೆ ಆಗಿದ್ದು ಅಲ್ಲಿ. ಸಾವಿಗಿಂತ ಜಾಸ್ತಿ ಆ ಪಟ್ಟಿಯ ಉದ್ದ ನೋಡಿ ಎದೆ ಒಡೆದ ಹಾಗಾಯ್ತು. ಚೆನ್ನಾಗಿ ಗೊತ್ತಿದ್ದವರು ಸತ್ರೆ ಅಳೋಕೆ ಒಂದು ವಸ್ತು ಇರುತ್ತೆ, ಅವರ ಮಾತು, ಜಗಳ, ಚಪ್ಪಲಿ, ಕನ್ನಡಕ, ಏನೋ ಒಂದನ್ನ ಹಿಡ್ಕೊಂಡು ಅಳಬಹುದು. ಅರ್ಧ ಗೊತ್ತಿದ್ದವರು ಹೋದಾಗ ಹೋಗಿದ್ದು ಏನು ಅಂತಲೇ ಗೊತ್ತಾಗಲ್ಲ. ಯಾವತ್ತಾದ್ರೂ ಒಂದು ದಿನ ಸಿಗ್ತಾರೆ, ಆಗ ಕೂತು ಕೇಳಿದ್ರಾಯ್ತು ಅಂತ ಎಲ್ಲೋ ಒಳಗೆ ಇಟ್ಕೊಂಡಿದ್ದ ಒಂದು ಖಾಲಿ ಜಾಗ, ಅದು ಖಾಲಿಯಾಗೇ ಬೀಗ ಹಾಕಿಸಿಕೊಂಡು ಬಿಡುತ್ತೆ.

ಸುಫ್ಯಾನ್ 2015ರಲ್ಲಿ ಆಲ್ಬಮ್ ಬರೋ ಮುಂಚೆ ಕೊಟ್ಟ ಒಂದು ಇಂಟರ್‌ವ್ಯೂನಲ್ಲಿ ಇದನ್ನೇ ಹೇಳಿದಾನೆ. ಐಸಿಯುನಲ್ಲಿ ಅಮ್ಮನ್ನ ನೋಡೋಕೆ ಹೋದಾಗ ಅವಳಿಗೆ ಪ್ರಜ್ಞೆ ಇತ್ತಂತೆ, ಅಷ್ಟು ಅಪರಿಚಿತಳಾದ ಒಬ್ಬಳ ಮೇಲೆ ಪ್ರೀತಿ ಇದೆ ಅಂತ ಹೇಳಬೇಕಾಗಿ ಬಂದಿದ್ದು ಎಷ್ಟು ಭಯಾನಕ ಅನುಭವ ಅಂತ, ಅವಳ ಸಾವು ತನ್ನನ್ನ ಅಷ್ಟು ಕುಗ್ಗಿಸಿದ್ದು ತನ್ನೊಳಗಿನ ಆ ಖಾಲಿತನದಿಂದಲೇ ಅಂತ. ಅವಳು ಹೋದ್ಮೇಲೆ ತನ್ನನ್ನ ತಾನೇ ಹಾಳುಮಾಡಿಕೊಳ್ಳೋ ದಾರಿ ಹಿಡಿದನಂತೆ, ಅವಳು ಮಾಡಿದ್ದನ್ನೇ ಮಾಡಿದ್ರೆ ಅವಳಿಗೆ ಹತ್ರ ಆಗಬಹುದು ಅನ್ನೋ ಹಂಬಲದಲ್ಲಿ. ಓದಿದಾಗ ನಂಗೆ ಇದು ವಿಚಿತ್ರ ಅನ್ಸಲೇ ಇಲ್ಲ. ನಾನೂ ಆ ಶಿಳ್ಳೆಯ ತುಣುಕನ್ನ ಅದೆಷ್ಟು ಸಲ ಹೊಡ್ಕೊಂಡು ಓಡಾಡಿದೀನೋ, ಮುಂದಿನ ಭಾಗ ತಾನಾಗೇ ಬಾಯಿಗೆ ಬರಬಹುದು ಅಂತ.

ಹಾಡಿನ ಬಾಲಗಳ ಬಗ್ಗೆ ಹೇಳ್ತಿದ್ದೆನಲ್ಲ. ನಂಗೆ ಈಗ ಅನ್ನಿಸೋದು ಇಷ್ಟು, ಅಮ್ಮನ ಬಗ್ಗೆ ಗೊತ್ತಿದ್ದಿದ್ದು ಮುಗಿದ ಜಾಗದಲ್ಲಿ ಅವನ ಪದಗಳು ಮುಗಿಯುತ್ತೆ. ದುಃಖ ಮುಗಿದಿರಲ್ಲ, ಅದಿನ್ನೂ ಹರೀತಾ ಇರುತ್ತೆ, ಹಿಡ್ಕೊಳ್ಳೋಕೆ ವಿವರ ಇರಲ್ಲ ಅಷ್ಟೇ. ಆಗ ಗುನುಗದೇ ಬೇರೆ ದಾರಿ ಏನಿದೆ? ಸುಳ್ಳು ವಿವರ ಸೇರಿಸಿ ಹಾಡನ್ನ ತುಂಬಿಸಬಹುದಿತ್ತು, ಅಷ್ಟೆಲ್ಲ ಹಾಡು ಬರೆದವನಿಗೆ ಅದು ಎಡಗೈ ಕೆಲಸ. ಮಾಡಿಲ್ಲ. 2020ರಲ್ಲಿ ಹೆತ್ತ ತಂದೆ ತೀರಿಕೊಂಡಾಗ ಅವನು ಮಾಡಿದ್ದು ಐದು ಭಾಗಗಳ, 49 ತುಣುಕುಗಳ ಒಂದು ದೊಡ್ಡ ಕೃತಿ, 2021ರಲ್ಲಿ ಬಂತು, ಅದರಲ್ಲಿ ಸಾಹಿತ್ಯವೇ ಇಲ್ಲ, ಪೂರ್ತಿ ವಾದ್ಯ. ಈ ಬಾಲಗಳೇ ಬೆಳೆದು ಅಷ್ಟುದ್ದ ಆಯ್ತೇನೋ ಅಂತ ನಂಗೆ ಅದನ್ನ ಕೇಳುವಾಗ ಅನ್ನಿಸಿತ್ತು.

ಅಮ್ಮ ಕೇಳಿದ ಜೋಗುಳ

ಆಲ್ಬಮ್ಮಿನ ನಡುವಲ್ಲಿ 'ಫೋರ್ತ್ ಆಫ್ ಜುಲೈ' ಅನ್ನೋ ಹಾಡಿದೆ. ಸತ್ತ ತಾಯಿ ಮತ್ತು ಮಗನ ನಡುವಿನ ಸಂಭಾಷಣೆ ಅದು. ಅವಳು ಅವನನ್ನ ಪುಟ್ಟ ಗಿಡುಗ, ಪುಟ್ಟ ಪಾರಿವಾಳ ಅಂತೆಲ್ಲ ಕರೀತಾಳೆ, ಯಾಕೋ ಅಳ್ತೀಯ ಅಂತಾಳೆ. ಬದುಕಿದ್ದಾಗ ಹಾಗೆಲ್ಲ ಕರೆದಿದ್ದಳೋ ಇಲ್ಲವೋ, ಹಾಡೊಳಗಾದ್ರೂ ಅವಳ ಬಾಯಿಂದ ಆ ಮುದ್ದಿನ ಮಾತು ಆಡಿಸಬೇಕು ಅಂತ ಅವನಿಗೆ ಆಸೆ ಅಂತ ಕಾಣುತ್ತೆ. ಹಿಂದೆ ಒಂದು ಕೀಬೋರ್ಡು ಎದೆ ಬಡಿತದ ಥರ ನಿಧಾನಕ್ಕೆ, ಮಂಕಾಗಿ ನುಡೀತಾ ಇರುತ್ತೆ. ಕೊನೆಯಲ್ಲಿ ನಾವೆಲ್ಲ ಸಾಯೋರೇ ಅನ್ನೋ ಒಂದೇ ಸಾಲನ್ನ ಹಾಡ್ತಾನೆ, ಮತ್ತೆ ಮತ್ತೆ, ದನಿ ಎತ್ತದೆ, ಒತ್ತು ಕೊಡದೆ.

ಒಂದು ಸಂಜೆ ನಾನು ಇದನ್ನ ಸ್ಪೀಕರಲ್ಲಿ ಹಾಕ್ಕೊಂಡು ಕೂತಿದ್ದೆ. ಅಮ್ಮ ಪಕ್ಕದಲ್ಲಿ ಬಟ್ಟೆ ಮಡಿಸ್ತಾ ಇದ್ರು. ಅವರಿಗೆ ಇಂಗ್ಲಿಷ್ ಹಾಡಿನ ಮಾತು ಹಿಡಿಯಲ್ಲ, ಅದರ ಗೊಡವೆಗೂ ಹೋಗಲ್ಲ. ಹಾಡು ಕೊನೆ ಭಾಗಕ್ಕೆ ಬಂದಿತ್ತು. ಮಡಿಸ್ತಿದ್ದ ಕೈ ನಿಲ್ಲಿಸಿ, ಮಗೂನ ಮಲಗಿಸೋಕೆ ಹಾಡ್ತಿರೋದಾ ಅಂತ ಕೇಳಿದ್ರು. ನಾನು ಹೂಂ ಅಂದೆ. ಚೆನ್ನಾಗಿದೆ, ಮಗು ನಿದ್ದೆ ಮಾಡೋವರೆಗೂ ಹಿಂಗೇ ಹೇಳ್ತಾ ಇರಬೇಕಾಗುತ್ತೆ ಒಂದನ್ನೇ, ಅಂದ್ರು. ನಂಗೆ ಆ ಸಾಲು ಏನು ಹೇಳ್ತಿದೆ ಅಂತ ಅವರಿಗೆ ಹೇಳೋಕೆ ಬಾಯಿ ಬರಲಿಲ್ಲ, ಹೇಳೋ ಅಗತ್ಯ ಇತ್ತು ಅಂತಲೂ ಅನ್ನಿಸಲಿಲ್ಲ. ಅವರು ಕೇಳಿಸಿಕೊಂಡಿದ್ದು ಸರಿಯಾಗೇ ಇತ್ತು. ಎಷ್ಟು ವಿಮರ್ಶೆ ಓದಿದೀನಿ ಈ ಹಾಡಿನ ಬಗ್ಗೆ, ಕಠೋರ ಅಂದವರಿದಾರೆ, ಎದುರಿಗೆ ನಿಂತು ಸತ್ಯ ಹೇಳೋ ಹಾಡು ಅಂದವರಿದಾರೆ. ಮಲಗಿಸೋ ಕೆಲಸ ಅಂತ ಗುರುತಿಸಿದ್ದು ನಮ್ಮಮ್ಮ ಒಬ್ಬರೇ. ಯಾರು ಯಾರನ್ನ ಮಲಗಿಸ್ತಿದಾರೆ ಅನ್ನೋದು ಮಾತ್ರ ಇವತ್ತಿಗೂ ನಂಗೆ ಬಗೆಹರಿದಿಲ್ಲ, ಒಂದೊಂದು ಸಲ ಸತ್ತ ತಾಯಿ ಬದುಕಿರೋ ಮಗನನ್ನ ಅನ್ಸುತ್ತೆ, ಒಂದೊಂದು ಸಲ ಮಗನೇ ತಾಯಿಯನ್ನ.

ನಮ್ಮ ಕಡೆ ಹಾಡುಗಳಲ್ಲಿ ತಾಯಿ ಅಂದ್ರೆ ದೇವರು. ಸಿನಿಮಾ ಹಾಡಿರಲಿ, ಭಾವಗೀತೆ ಇರಲಿ, ಒಂಬತ್ತು ತಿಂಗಳು ಹೊತ್ತವಳು, ತುತ್ತಿಟ್ಟವಳು, ತಾನು ಉಪವಾಸ ಇದ್ದು ಮಕ್ಕಳ ಹೊಟ್ಟೆ ತುಂಬಿಸಿದವಳು. ಆ ಹಾಡುಗಳ ಮೇಲೆ ನಂಗೆ ಪ್ರೀತಿ ಇದೆ, ಅವು ಹೇಳೋದು ಎಷ್ಟೋ ಮನೆಗಳಲ್ಲಿ ಅಕ್ಷರಶಃ ನಿಜ. ಆದ್ರೆ ಬಿಟ್ಟು ಹೋದ ತಾಯಿಗೆ, ಹುಷಾರಿಲ್ಲದ ತಾಯಿಗೆ, ಕೈಲಾಗದ ತಾಯಿಗೆ ನಮ್ಮಲ್ಲಿ ಹಾಡು ಬಹಳ ಕಮ್ಮಿ, ಹಾಗಾಗಿ ಅವಳ ಮಕ್ಕಳಿಗೂ ಹಾಡಿಲ್ಲ. ಅಂಥಾ ಮನೆಯಲ್ಲಿ ಬೆಳೆದವರು ತಾಯಿಯ ಹಾಡು ಬಂದಾಗ ಎಲ್ಲಿ ನೋಡಬೇಕು? ಸುಫ್ಯಾನ್ ಇಲ್ಲಿ ಅಮ್ಮನನ್ನ ದೇವರೂ ಮಾಡಿಲ್ಲ, ಕಟಕಟೆಗೂ ಹತ್ತಿಸಿಲ್ಲ. ಮೊದಲ ಹಾಡಲ್ಲೇ ಕ್ಷಮಿಸಿದೀನಿ ಅಂತಾನೆ, ಹೇಳಿ ಮುಗಿಸ್ತಾನೆ, ಕ್ಷಮೆಯನ್ನ ಕೊನೆಗೆ ಇಟ್ಕೊಂಡು ಅದರ ಕಡೆಗೆ ಹಾಡುಗಳನ್ನ ಹತ್ತಿಸ್ಕೊಂಡು ಹೋಗೋ ಆಟ ಇಲ್ಲ. ಕ್ಷಮಿಸಿದ ಮೇಲೂ 10 ಹಾಡು ಬಾಕಿ ಇದೆ, ಕ್ಷಮಿಸಿದ ಮೇಲೂ ನೋವು ಹಾಗೇ ಇದೆ. ಕ್ಷಮಿಸಿದ್ರೆ ಹಗುರ ಆಗ್ತೀಯ ಅಂತ ಎಲ್ಲರೂ ಹೇಳ್ತಾರಲ್ಲ, ಈ ಆಲ್ಬಮ್ಮಿನ ಅನುಭವ ಹಾಗಿಲ್ಲ, ನನ್ನದೂ ಇಲ್ಲ. ನಡುವೆ ಬದುಕೇ ಬೇಡ ಅನ್ನೋ ಅಂಚಿಗೆ ಹೋಗಿ ನಿಂತು ಹಾಡಿದ ಹಾಡೂ ಒಂದಿದೆ, ಮನಸ್ಸು ಸರಿಯಿಲ್ಲದ ದಿನ ಅದನ್ನ ಒಬ್ಬರೇ ಕೂತು ಕೇಳಬೇಡಿ ಅಂತ ಗೆಳೆಯರಿಗೆ ನಾನು ಯಾವಾಗಲೂ ಹೇಳ್ತೀನಿ.

ಆ ದನಿಯ ಬಗ್ಗೆ ಒಂದು ಮಾತು. ಇಡೀ ಆಲ್ಬಮ್ಮಲ್ಲಿ ಬಹುತೇಕ ಕಡೆ ಅವನು ಒಂದೇ ಸಾಲನ್ನ ಎರಡು ಸಲ ಹಾಡಿ, ಒಂದರ ಮೇಲೊಂದು ಕೂರಿಸಿದಾನೆ. ಎಷ್ಟೇ ಹುಷಾರಾಗಿ ಹಾಡಿದ್ರೂ ಎರಡು ಸಲದ ಉಸಿರು ಒಂದೇ ಆಗಲ್ಲ, ಕೂದಲೆಳೆಯಷ್ಟು ಹಿಂದೆಮುಂದೆ ಆಗುತ್ತೆ, ಆ ಸಣ್ಣ ವ್ಯತ್ಯಾಸದಿಂದ ದನಿಯ ಸುತ್ತ ಒಂದು ನೆರಳು ಕೂತ ಹಾಗಿರುತ್ತೆ. ಸ್ಟುಡಿಯೋದಲ್ಲಿ ಇದು ತೀರಾ ಮಾಮೂಲಿ ತಂತ್ರ, ತೆಳು ದನಿಯನ್ನ ದಪ್ಪ ಮಾಡೋಕೆ ಬಳಸ್ತಾರೆ. ಇಲ್ಲಿ ದಪ್ಪ ಆಗಿಲ್ಲ, ಒಬ್ಬ ಹಾಡ್ತಿದ್ರೆ ಅವನ ಪಕ್ಕದಲ್ಲೇ ಇನ್ನೊಬ್ಬ ಅದೇ ಮಾತನ್ನ ತನಗೆ ತಾನೇ ಹೇಳ್ಕೊಂಡ ಹಾಗೆ ಕೇಳುತ್ತೆ. ಗಿಟಾರ್ ಕೂಡ ಹಾಗೇ, ಹೆಬ್ಬೆರಳು ಕೆಳಗಿನ ತಂತಿಗಳನ್ನ ಗಡಿಯಾರದ ಹಾಗೆ ಬಿಡದೆ ಮೀಟ್ತಾ ಇರುತ್ತೆ, ಮಿಕ್ಕ ಬೆರಳು ಮೇಲಿನ ತಂತಿಗಳಲ್ಲಿ ರಾಗ ಹೆಕ್ಕುತ್ತೆ. ಕಲಿಯೋಕೆ ಕೂತಾಗ ಆ ಬೆರಳಾಟ ಕೈಗೆ ಬೇಗನೇ ಹತ್ತಿತು. ಅಷ್ಟು ವೇಗದಲ್ಲಿ ಅಷ್ಟು ಮೆತ್ತಗೆ ನುಡಿಸೋದು ಇದೆಯಲ್ಲ, ಅದು ಇವತ್ತಿಗೂ ಹತ್ತಿಲ್ಲ. ಸ್ವಲ್ಪ ಭಾವ ಬಂತು ಅಂದ್ರೆ ಬೆರಳು ತಾನಾಗೇ ಜೋರಾಗುತ್ತೆ. 43 ನಿಮಿಷ ಅವನು ಒಮ್ಮೆಯೂ ಬೆರಳನ್ನ ಜೋರಾಗೋಕೆ ಬಿಟ್ಟಿಲ್ಲ.

ನೀಲಿ ಬಕೆಟ್ಟಿನ ಚಿನ್ನ

ಕೊನೆ ಹಾಡಿನ ಹೆಸರಲ್ಲಿ ಒಂದು ನೀಲಿ ಬಕೆಟ್ಟಿದೆ. ಆರೆಗಾನಿನ ಒಂದು ಹಳೇ ದಂತಕಥೆ ಅದು. 1845ರಲ್ಲಿ ಪಶ್ಚಿಮಕ್ಕೆ ವಲಸೆ ಹೊರಟಿದ್ದ ಬಂಡಿಗಳ ಒಂದು ದೊಡ್ಡ ತಂಡ ಸ್ಟೀಫನ್ ಮೀಕ್ ಅನ್ನೋ ದಾರಿ ತೋರಿಸೋನನ್ನ ನಂಬಿ ಅಡ್ಡದಾರಿ ಹಿಡಿದು ಮರುಭೂಮಿಯಲ್ಲಿ ದಾರಿ ತಪ್ಪಿತು, ನೀರಿಲ್ಲದೆ, ಜ್ವರ ಬಂದು ಬಹಳ ಜನ ಸತ್ರು. ಆ ಅಲೆದಾಟದಲ್ಲಿ ಎಲ್ಲೋ ಒಂದು ಹಳ್ಳದ ಹತ್ರ ಮಕ್ಕಳು ಹಳದಿ ಕಲ್ಲುಗಳನ್ನ ಆರಿಸಿ ನೀಲಿ ಬಣ್ಣದ ಮರದ ಬಕೆಟ್ಟಿಗೆ ತುಂಬ್ಕೊಂಡು ಆಡಿದ್ರಂತೆ. ಅದು ಏನು ಅಂತ ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡ್ಕೊಳ್ಳೋ ಸ್ಥಿತಿಯಲ್ಲೂ ಇರಲಿಲ್ಲ. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿದ ಮೇಲೆ, ಚಿನ್ನ ಕಚ್ಚಾ ರೂಪದಲ್ಲಿ ಹೇಗಿರುತ್ತೆ ಅಂತ ನೋಡಿದ ಮೇಲೆ, ಅಯ್ಯೋ ಅವತ್ತು ಮಕ್ಕಳು ಆಡಿದ್ದು ಇದರಲ್ಲೇ ಅಂತ ಹೊಳೀತು. ಆಮೇಲೆ ಎಷ್ಟೋ ಜನ ಆ ಹಳ್ಳ ಹುಡುಕ್ಕೊಂಡು ಹೋದ್ರು. ಯಾರಿಗೂ ಸಿಗಲಿಲ್ಲ.

ಹಾಡಲ್ಲಿ ಈ ಕಥೆಯನ್ನ ಅವನು ಹೇಳಲ್ಲ, ಹೆಸರಿಟ್ಟು ಸುಮ್ಮನಾಗ್ತಾನೆ. ಅವನು ಯಾವತ್ತೂ ಹೀಗೆ ಪೂರ್ತಿ ಹೇಳದೇ ಬಿಡೋದರಲ್ಲೇ ದೊಡ್ಡವನು, ನನ್ನ ಮಟ್ಟಿಗೆ. ಐದಾರು ವರ್ಷದ ಹುಡುಗ ಯೂಜೀನಿನ ಪಾರ್ಕಲ್ಲಿ ಈಜು ಕಲೀತಾ, ನಿಂಬೆ ಮೊಸರು ತಿಂತಾ, ಆಷ್‌ಟ್ರೇ ಬೀಳಿಸ್ತಾ ಇದ್ದಾಗ ಅವನಿಗೆ ಇದಿಷ್ಟೇ ಸಿಗೋದು, ಇದನ್ನ ಜೋಪಾನ ಮಾಡ್ಕೋಬೇಕು ಅಂತ ಯಾರು ಹೇಳ್ಬೇಕಿತ್ತು? ಕೈತುಂಬ ಆಡಿದ್ದು, ಅದು ಏನು ಅಂತ ಗೊತ್ತಾಗೋ ಹೊತ್ತಿಗೆ ಜಾಗದ ದಾರಿಯೇ ಮರೆತುಹೋಗಿದೆ. ನಾನು ಸೈಕಲ್ ಮೇಲೆ ಮುಂದೆ ನೋಡ್ಕೊಂಡು ಪೆಡಲ್ ತುಳೀತಿದ್ದೆ, ಹಿಂದೆ ಓಡಿ ಬರ್ತಿದ್ದವರ ಮುಖ ತಿರುಗಿ ನೋಡಬೇಕು ಅಂತ ನಂಗೂ ಹೊಳೆದಿರಲಿಲ್ಲ.

ಹತ್ತು ವರ್ಷ ಆದ್ಮೇಲೆ

2025ರಲ್ಲಿ ಆಲ್ಬಮ್ಮಿಗೆ 10 ವರ್ಷ ತುಂಬಿದಾಗ ಹೊಸ ಆವೃತ್ತಿ ಬಂತು, ಕೆಲವು ಡೆಮೋಗಳು, ಹಳೇ ಫೋಟೋಗಳು, ಅವನೇ ಬರೆದ ಒಂದು ಲೇಖನ ಎಲ್ಲಾ ಸೇರಿಸಿ. ಸಾಮಾನ್ಯವಾಗಿ ಇಂಥಾ ಸಂದರ್ಭದಲ್ಲಿ ಕಲಾವಿದರು ಹಳೇ ಕೃತಿಯನ್ನ ಹೆಮ್ಮೆಯಿಂದ ನೆನಸ್ಕೊಳ್ತಾರೆ. ಸುಫ್ಯಾನ್ ಹಾಗೆ ಮಾಡಲಿಲ್ಲ. ಈ ಆಲ್ಬಮ್ ಬಗ್ಗೆ ತನಗೆ ಮುಜುಗರ ಇದೆ ಅಂದ. ಅಮ್ಮನ ಬದುಕಿನ ಮೇಲೆ, ಅವಳ ಸಾವಿನ ಮೇಲೆ ಮಾತಾಡೋಕೆ ತನಗೆ ಏನು ಅಧಿಕಾರ ಇತ್ತು ಅಂತ ಕೇಳ್ಕೊಂಡ. ಅರ್ಥ ಇಲ್ಲದ್ದಕ್ಕೆ ಹಾಡಿನ ಮೂಲಕ ಅರ್ಥ ಕೊಡೋಕೆ ಹೋದೆ, ಅದು ಆಗಲಿಲ್ಲ ಅನ್ನೋ ಧಾಟಿಯಲ್ಲಿ ಮಾತಾಡಿದ. ಅಷ್ಟು ಹೊತ್ತಿಗೆ ಅವನು ಇನ್ನೂ ಎಷ್ಟೋ ಕಳ್ಕೊಂಡಿದ್ದ. ತಂದೆ ಹೋಗಿದ್ರು, 2023ರಲ್ಲಿ ಸಂಗಾತಿ ತೀರಿಕೊಂಡಿದ್ದ, ಅದೇ ವರ್ಷ ಗಿಯಾನ್ ಬಾರೆ ಅನ್ನೋ ನರಗಳ ಕಾಯಿಲೆ ಬಂದು ನಡೆಯೋದನ್ನೇ ಮತ್ತೆ ಕಲೀಬೇಕಾಗಿ ಬಂದಿತ್ತು.

ಅವನ ಮಾತನ್ನ ನಾನು ತಳ್ಳಿಹಾಕಲ್ಲ, ಸತ್ತವರು ತಿರುಗಿ ಮಾತಾಡೋಕಾಗಲ್ಲ, ಅವರ ಕಥೆಯನ್ನ ನಾವು ಹೇಳುವಾಗ ಆ ಅಳುಕು ಇರಬೇಕಾದ್ದೇ. ಮಾವನ ಬಗ್ಗೆ ಇಲ್ಲಿ ಬರೆಯುವಾಗ ನಂಗೂ ಅದು ಇತ್ತು, ಅದಕ್ಕೇ ಗೊತ್ತಿದ್ದಿದ್ದನ್ನ ಬಿಟ್ಟು ಬೇರೇನೂ ಬರೆದಿಲ್ಲ. ಆದ್ರೆ ಅಧಿಕಾರ ಅನ್ನೋದಕ್ಕೆ ಮಾತ್ರ ನಂದು ತಕರಾರು ಇದೆ. ಈ ಆಲ್ಬಮ್ಮಲ್ಲಿ ಅವನು ಅಮ್ಮನ ಮೇಲೆ ಎಲ್ಲಿ ಅಧಿಕಾರ ತೋರಿಸಿದಾನೆ? ಮೂರೋ ನಾಲ್ಕೋ ಅಂದವನು, ಅಂಗಿ ಎಳೆದೆ ಅಂದವನು, ಮಿಕ್ಕಿದ್ದಕ್ಕೆಲ್ಲ ಬಾಯಿ ಮುಚ್ಚಿ ಗುನುಗಿದವನು. ಅವಳು ಯಾಕೆ ಹೋದ್ಲು ಅಂತ ಒಂದು ಹಾಡಲ್ಲೂ ತೀರ್ಪು ಕೊಟ್ಟಿಲ್ಲ. ತನಗೆ ಅವಳು ಗೊತ್ತಿಲ್ಲ ಅನ್ನೋದನ್ನೇ 11 ಹಾಡಲ್ಲಿ ಹೇಳಿದಾನೆ. ಅರ್ಥ ಸಿಗಲಿಲ್ಲ ಅಂತ ಅವನಿಗೆ ಸೋಲು ಅನ್ಸಿರಬಹುದು, ಅರ್ಥ ಸಿಗದೇ ಇರೋದನ್ನ ಇಷ್ಟು ನಿಜವಾಗಿ ಹಾಡಿದ್ದರಿಂದಲೇ ನನ್ನಂಥೋರಿಗೆ ಇದು ಬೇಕಾಯ್ತು. ಕ್ಲೋಸ್ ಇದ್ರಾ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲದವರು ಈ ಲೋಕದಲ್ಲಿ ಬಹಳ ಜನ ಇದಾರೆ.

ಮತ್ತೆ ಲೋವೆಲ್ ಬಗ್ಗೆ. ಹೆಸರಲ್ಲಿ ಇಬ್ಬರಿದಾರೆ, ಮುಖಪುಟದ ಬಣ್ಣ ಮಾಸಿದ ಫೋಟೋದಲ್ಲೂ ಇಬ್ಬರಿದಾರೆ, ಆದ್ರೂ ಎಲ್ಲರೂ ಮಾತಾಡೋದು ಕ್ಯಾರಿ ಬಗ್ಗೆ ಮಾತ್ರ, ನಾನೂ ಇಲ್ಲಿ ಅದನ್ನೇ ಮಾಡ್ತಾ ಬಂದೆ. ಐದು ವರ್ಷದ ಮದುವೆ ಮುರಿದ ಮೇಲೆ ಹೆಂಡತಿಯ ಮಕ್ಕಳ ಜೊತೆ ಸಂಬಂಧ ಇಟ್ಕೋಬೇಕಾದ ಯಾವ ಬಲವಂತವೂ ಆ ಮನುಷ್ಯನಿಗೆ ಇರಲಿಲ್ಲ. ಅವನು ಬಿಡಲಿಲ್ಲ. ಹುಡುಗನಿಗೆ ಸಂಗೀತದ ರುಚಿ ಹತ್ತಿಸಿದ, ಅವನ ಜೊತೆ ಲೇಬಲ್ ಕಟ್ಟಿದ, ವರ್ಷಗಟ್ಟಲೆ ಅದನ್ನ ನಡೆಸಿದ. ಇವನ ಮನೆಗೆ ಬಂದಾಗಲೆಲ್ಲ ಇಬ್ಬರೂ ಕೂತ್ಕೊಂಡು ಸಿಂಥಸೈಜರಲ್ಲಿ ಏನೋ ನುಡಿಸ್ತಾ ರೆಕಾರ್ಡ್ ಮಾಡಿಟ್ಕೊಳ್ತಿದ್ರಂತೆ, ಅದರಲ್ಲಿ ಚೆನ್ನಾಗಿರೋದನ್ನ ಆರಿಸಿ 2020ರ ಮಾರ್ಚಲ್ಲಿ 'ಅಪೋರಿಯಾ' ಅಂತ ಒಂದು ಆಲ್ಬಮ್ ಮಾಡಿದ್ರು, ಇಬ್ಬರ ಹೆಸರಲ್ಲೂ. ಲೋವೆಲ್ ಲೇಬಲ್ ಕೆಲಸದಿಂದ ನಿವೃತ್ತಿ ಆಗೋ ಸಮಯ ಅದು. ಹೆಚ್ಚುಕಮ್ಮಿ ಮಾತೇ ಇಲ್ಲದ, ಸಣ್ಣ ಸಣ್ಣ ತುಣುಕುಗಳ ಆಲ್ಬಮ್ಮು, ವಿಮರ್ಶಕರು ಅಷ್ಟೇನೂ ತಲೆಗೆ ಹಚ್ಚಿಕೊಳ್ಳಲಿಲ್ಲ. ನೀವು 'ಕ್ಯಾರಿ ಆಂಡ್ ಲೋವೆಲ್' ಕೇಳಿ ಮುಗಿಸಿದ್ರೆ ಇದನ್ನೂ ಹುಡುಕಿ ಕೇಳಿ, ಅದರಲ್ಲಿ ಕೆಲವು ಕಡೆ ಅವರಿಬ್ಬರೂ ಒಂದೇ ಕೋಣೆಯಲ್ಲಿ ಪಕ್ಕಪಕ್ಕ ಕೂತು, ಯಾವ ಅವಸರವೂ ಇಲ್ಲದೆ ಖುಷಿಯಿಂದ ನುಡಿಸ್ತಿದಾರೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತೆ.